ಮುಖ ಅಳೆದು ಪೈಲ್ವಾನನ ಜೋರು ಹೇಳೋದು ಹೇಗೆ, ಅದನ್ನ ಎಷ್ಟು ನಂಬೋದು

"ಅವನ ಮುಖ ನೋಡಿದ್ರೇ ಗೊತ್ತಾಗುತ್ತೆ ಮಾರಾಯ, ಇವತ್ತು ಎತ್ತಿ ಒಗೀತಾನೆ" ಅನ್ನೋ ಮಾತು ಕೋಟೆ ಮಾರಿಕಾಂಬ ಜಾತ್ರೆ ಕುಸ್ತಿಯಲ್ಲಿ ಅಖಾಡದ ಸುತ್ತ ಕೂತವರ ಬಾಯಲ್ಲಿ ಬರದೇ ಇರೋ ಜೋಡಿನೇ ಇಲ್ಲ. ಶಿವಮೊಗ್ಗದ ಈ ಜಾತ್ರೆ ಎರಡು ವರ್ಷಕ್ಕೊಮ್ಮೆ, ಸಾಗರದ ಮಾರಿಜಾತ್ರೆ ಮೂರು ವರ್ಷಕ್ಕೊಮ್ಮೆ, ನಡುವೆ ದಸರಾ ಕುಸ್ತಿ, ಹಂಗಾಗಿ ನಮ್ಮ ಕಡೆ ಮುಖ ನೋಡಿ ಭವಿಷ್ಯ ಹೇಳೋರಿಗೆ ಕೆಲಸಕ್ಕೇನೂ ಬರ ಇಲ್ಲ. ಕೇಳಿದ್ರೆ ಅಗಲ ಮುಖ, ದಪ್ಪ ದವಡೆ, ಗಂಟಿಕ್ಕಿದ ಹುಬ್ಬು ಅಂತಾರೆ, ಆದ್ರೆ ಎಷ್ಟು ಅಗಲ ಅಂದ್ರೆ ಅಗಲ ಅಂತ ಯಾರೂ ಹೇಳಲ್ಲ.

ಅದಕ್ಕೊಂದು ನಿಜವಾದ ಅಳತೆ ಇದೆ. ಮುಖದ ಅಗಲವನ್ನ ಮುಖದ ಮೇಲ್ಭಾಗದ ಎತ್ತರದಿಂದ ಭಾಗಿಸೋದು, ಇಂಗ್ಲಿಷಲ್ಲಿ ಎಫ್‌ಡಬ್ಲ್ಯುಎಚ್‌ಆರ್ ಅಂತಾರೆ, ನಾನು ಇಲ್ಲಿ ಮುಖದ ಅನುಪಾತ ಅಂತ್ಲೇ ಕರೀತೀನಿ. 2007ರಲ್ಲಿ ವೆಸ್ಟನ್ ಅನ್ನೋ ಸಂಶೋಧಕಿ ಮತ್ತವರ ಜೊತೆಯವರು ದಕ್ಷಿಣ ಆಫ್ರಿಕಾದ ತಲೆಬುರುಡೆಗಳನ್ನ ಅಳೆದು, ಮೈಗಾತ್ರದ ವ್ಯತ್ಯಾಸ ಬಿಟ್ಟು ನೋಡಿದ್ರೂ ಗಂಡಸರ ಮುಖ ಎತ್ತರಕ್ಕೆ ಹೋಲಿಸಿದ್ರೆ ಹೆಚ್ಚು ಅಗಲ ಅಂದ್ರು. ಮರುವರ್ಷ 2008ರಲ್ಲಿ ಕೆನಡಾದ ಬ್ರಾಕ್ ಯೂನಿವರ್ಸಿಟಿಯ ಕಾರೆ ಮತ್ತು ಮೆಕಾರ್ಮಿಕ್ ಇದನ್ನ ತಗೊಂಡು ಐಸ್ ಹಾಕಿ ಆಟಗಾರರ ಮುಖ ಅಳೆದು, ಯಾರ ಅನುಪಾತ ಜಾಸ್ತಿಯೋ ಅವರು ಒರಟಾಟಕ್ಕೆ ಶಿಕ್ಷೆ ತಗೊಂಡು ಹೊರಗೆ ಕೂತ ನಿಮಿಷಗಳೂ ಜಾಸ್ತಿ ಅಂತ ತೋರಿಸಿದ್ರು. ಅಲ್ಲಿಂದ ಶುರುವಾಯ್ತು ನೋಡಿ, ಫುಟ್ಬಾಲ್, ಬೇಸ್‌ಬಾಲ್, ಕಂಪನಿ ಸಿಇಓಗಳು, ಕೊನೆಗೆ ಕೋತಿಗಳ ಮುಖ ಕೂಡ ಬಿಡಲಿಲ್ಲ.

ಈಗ ಅಳೆಯೋದು ಹೇಗೆ ಅನ್ನೋದಕ್ಕೆ ಬರೋಣ, ಯಾಕಂದ್ರೆ ಎಲ್ಲರೂ ಎಡವೋದು ಇಲ್ಲೇ, ಫೋಟೋ ಸರಿ ಇಲ್ದೆ ಅಳೆದ ನಂಬರಿಗೆ ಮೂರು ಕಾಸಿನ ಬೆಲೆ ಇಲ್ಲ.

ಮೊದಲು ಸೆಲ್ಫಿ ಬೇಡ. ಕೈ ಉದ್ದದ ದೂರದಿಂದ ತೆಗೆದ ಫೋಟೋದಲ್ಲಿ ಮೂಗು ಕ್ಯಾಮೆರಾಗೆ ಹತ್ತಿರ ಇರುತ್ತೆ, ಕೆನ್ನೆಯ ಅಂಚು ಕಿವಿ ಎಲ್ಲ ಹಿಂದೆ ಸರಿದಂಗೆ ಕಾಣುತ್ತೆ, ಮುಖ ಇರೋದಕ್ಕಿಂತ ಸಣ್ಣಗೆ ಬರುತ್ತೆ. ಅದೇ ಮನುಷ್ಯನನ್ನ ಎರಡು ಮೀಟರ್ ದೂರ ನಿಲ್ಲಿಸಿ ಫೋನಿನ ಹಿಂದಿನ ಕ್ಯಾಮೆರಾದಲ್ಲಿ ಎರಡರಷ್ಟು ಜೂಮ್ ಮಾಡಿ ತೆಗೆದ್ರೆ ಮುಖ ಅಗಲ ಆಗುತ್ತೆ, ಮೂಳೆ ಅದೇ, ಬದಲಾಗಿದ್ದು ದೂರ ಅಷ್ಟೇ. ಆದ್ದರಿಂದ ಎಷ್ಟು ಜನರನ್ನ ಅಳೀತೀರೋ ಅಷ್ಟೂ ಜನರನ್ನ ಒಂದೇ ದೂರದಿಂದ ಒಂದೇ ಜೂಮಲ್ಲಿ ತೆಗೀಬೇಕು. ನೆಲದ ಮೇಲೆ ಸುಣ್ಣದಲ್ಲೋ ಇಟ್ಟಿಗೆ ಚೂರಲ್ಲೋ ಒಂದು ಗೆರೆ ಎಳೆದು ಇಲ್ಲಿ ನಿಂತ್ಕೋ ಅಂದ್ರೆ ಮುಗೀತು.

ಕ್ಯಾಮೆರಾ ಅವನ ಕಣ್ಣಿನ ಮಟ್ಟಕ್ಕಿರಲಿ, ತಲೆ ನೆಟ್ಟಗಿರಲಿ. ಇದು ತುಂಬಾ ಮುಖ್ಯ. ಗದ್ದ ಕೆಳಗೆ ಬಗ್ಗಿಸಿದ್ರೂ ಅಷ್ಟೇ, ಮೇಲೆ ಎತ್ತಿದ್ರೂ ಅಷ್ಟೇ, ಫೋಟೋದಲ್ಲಿ ಹುಬ್ಬಿಗೂ ತುಟಿಗೂ ನಡುವಿನ ಅಂತರ ಕುಗ್ಗಿ ಕಾಣುತ್ತೆ, ಅಗಲ ಮಾತ್ರ ಹಂಗೇ ಇರುತ್ತೆ, ಭಾಗಿಸಿದಾಗ ಅನುಪಾತ ಏರುತ್ತೆ. ಪೈಲ್ವಾನರು ಫೋಟೋ ಅಂದ ತಕ್ಷಣ ಎದೆ ಉಬ್ಬಿಸಿ ಗದ್ದ ಎತ್ತಿ ನಿಲ್ಲೋದು ಅಭ್ಯಾಸ, ಹಂಗೆ ನಿಂತವನನ್ನ ಅಳೆದ್ರೆ ನೀವು ಅಳೆದಿದ್ದು ಪೋಸನ್ನ, ಮುಖ ಅಲ್ಲ. ಪಕ್ಕಕ್ಕೆ ತಿರುಗಿದ್ರೆ ಉಲ್ಟಾ, ಅಗಲ ಕಮ್ಮಿ ಆಗುತ್ತೆ. ಎರಡೂ ಕಿವಿ ಒಂದೇ ಅಳತೆಗೆ ಕಾಣ್ತಿದ್ರೆ ಮುಖ ನೇರ ಇದೆ ಅಂತ ಲೆಕ್ಕ.

ಆಮೇಲೆ ನಗಬಾರದು. ನಕ್ಕಾಗ ಮೇಲ್ತುಟಿ ಮೇಲಕ್ಕೆ ಹೋಗುತ್ತೆ, ಎತ್ತರ ಕಡಿಮೆ ಆಗುತ್ತೆ, ಕೆನ್ನೆ ಬೇರೆ ಉಬ್ಬುತ್ತೆ, ಹಂಗಾಗಿ ಲೆಕ್ಕದ ಪ್ರಕಾರ ನಗೋ ಮನುಷ್ಯ ಹೆಚ್ಚು ಒರಟ ಅಂತ ಬಂದುಬಿಡುತ್ತೆ. ಸಿಟ್ಟು ಮಾಡ್ಕೊಂಡ್ರೂ ಅದೇ ಕಥೆ, ಹುಬ್ಬು ಕೆಳಗೆ ತುಟಿ ಮೇಲೆ. ಬಾಯಿ ಮುಚ್ಚಿ, ಬಸ್ಸಿಗೆ ಕಾಯೋವಾಗ ಇರ್ತೀವಲ್ಲ ಆ ಮುಖ ಬೇಕು. ಬಾಯಲ್ಲಿ ಕವಳ ಇದ್ರೆ ಉಗಿದು ಬರೋಕೆ ಹೇಳಿ, ಒಂದು ಕಡೆ ಕೆನ್ನೆ ಉಬ್ಬಿರೋ ಫೋಟೋದಲ್ಲಿ ಅಂಚು ಎಲ್ಲಿ ಅಂತ ಹುಡುಕೋದೇ ಕಷ್ಟ, ನಮ್ಮ ಅಡಿಕೆ ಸೀಮೆಯಲ್ಲಿ ಇದನ್ನ ಹೇಳ್ಲೇಬೇಕು. ಕೂದಲು ಕೆನ್ನೆ ಮೇಲೆ ಬಿದ್ದಿದ್ರೆ ಹಿಂದಕ್ಕೆ ಸರಿಸಿ. ಗಡ್ಡ ಇದ್ರೆ ಅಷ್ಟೇನೂ ತೊಂದ್ರೆ ಇಲ್ಲ, ನಾವು ಅಳೆಯೋದು ತುಟಿಯಿಂದ ಮೇಲಿನ ಭಾಗವನ್ನ, ಮೀಸೆ ಮಾತ್ರ ತುಟಿ ಮುಚ್ಚೋ ಹಂಗಿದ್ರೆ ಬೆರಳಲ್ಲಿ ಎತ್ತಿ ಹಿಡ್ಕೊಳ್ಳೋಕೆ ಹೇಳಿ.

ಫೋಟೋ ಆಯ್ತು. ಫೋನಲ್ಲೇ ಯಾವುದಾದ್ರೂ ಎಡಿಟಿಂಗ್ ಆ್ಯಪ್ ತೆಗೆದು ಎರಡು ಅಡ್ಡಗೆರೆ ಎರಡು ಉದ್ದಗೆರೆ ಹಾಕಿ, ಒಟ್ಟು ನಾಲ್ಕು ಗೆರೆ ಹಾಕಿದ್ರೆ ಒಂದು ಚೌಕಟ್ಟು ಆಗುತ್ತೆ. ಉದ್ದಗೆರೆ ಎರಡು ಕೆನ್ನೆಮೂಳೆಯ ಹೊರಗಿನ ತುದಿಗೆ, ಅಂದ್ರೆ ಕಣ್ಣಿಂದ ಕಿವಿ ಕಡೆಗೆ ಹೋಗೋ ಮೂಳೆ ಕಮಾನು ಎಲ್ಲಿ ಅತಿ ಹೊರಗೆ ಬಂದಿರುತ್ತೋ ಅಲ್ಲಿಗೆ, ಕಿವಿಗಲ್ಲ, ದವಡೆಗೂ ಅಲ್ಲ. ಅಡ್ಡಗೆರೆಯಲ್ಲಿ ಒಂದು ಮೇಲ್ತುಟಿಯ ಮೇಲಿನ ಅಂಚಿಗೆ, ಇನ್ನೊಂದು ಎರಡು ಹುಬ್ಬಿನ ನಡುವಿನ ಮಟ್ಟಕ್ಕೆ. ಕೆಲವು ಸಂಶೋಧಕರು ಹುಬ್ಬಿನ ಬದಲು ಕಣ್ರೆಪ್ಪೆಯ ಮೇಲಂಚಿಗೆ ಗೆರೆ ಹಾಕ್ತಾರೆ, ಹಂಗೆ ಮಾಡಿದ್ರೆ ಎತ್ತರ ಕಡಿಮೆಯಾಗಿ ನಂಬರ್ ದೊಡ್ಡದಾಗುತ್ತೆ. ಯಾವುದಾದ್ರೂ ಒಂದನ್ನ ಹಿಡ್ಕೊಳ್ಳಿ, ಅರ್ಧ ಜನಕ್ಕೆ ಹುಬ್ಬು ಅರ್ಧ ಜನಕ್ಕೆ ರೆಪ್ಪೆ ಮಾಡಬೇಡಿ. ಈಗ ಚೌಕಟ್ಟಿನ ಅಗಲ 620 ಪಿಕ್ಸೆಲ್ ಎತ್ತರ 330 ಪಿಕ್ಸೆಲ್ ಅಂತ ಇಟ್ಕೊಳ್ಳಿ, 620 ಭಾಗಿಸು 330, ಬಂದಿದ್ದು 1.88. ಹುಬ್ಬಿನ ಲೆಕ್ಕದಲ್ಲಿ ಗಂಡಸರ ನಂಬರ್ ಸುಮಾರಾಗಿ 1.8ರಿಂದ 1.9ರ ಆಸುಪಾಸಲ್ಲಿ ಬರುತ್ತೆ, 2 ದಾಟಿದ್ರೆ ನಿಜವಾಗ್ಲೂ ಅಗಲ ಮುಖ, 1.7ರ ಕೆಳಗೆ ಬಂದ್ರೆ ಉದ್ದ ಮುಖ. ಎಲ್ಲಾ ಗೆರೆ ಅಳಿಸಿ ಇನ್ನೊಂದ್ಸಲ ಹಾಕಿ ನೋಡಿ, ಎರಡು ಸಲಕ್ಕೂ 0.05ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದ್ರೆ ನಿಮ್ಮ ಗೆರೆ ಓಡಾಡ್ತಿದೆ ಅಂತ ಅರ್ಥ, ಸ್ನೇಹಿತನ ಕೈಗೆ ಕೊಟ್ಟು ಅವನ ಹತ್ರನೂ ಹಾಕ್ಸಿ.

ಫೋಟೋ ಗೋಜೇ ಬೇಡ ಅನ್ನೋರು ಉದ್ದ ಕಾಲಿನ ಕ್ಯಾಲಿಪರ್ ತಗೊಂಡು ಮುಖದ ಮೇಲೇ ಅಳೀಬಹುದು. ಕಿವಿ ಮುಂದೆ ಬೆರಳಿಟ್ಟು ಕೆನ್ನೆಮೂಳೆ ಮೇಲೆ ಜಾರಿಸ್ತಾ ಹೋಗಿ, ಅತಿ ಅಗಲದ ಜಾಗ ಕೈಗೇ ಸಿಗುತ್ತೆ, ಅಲ್ಲಿ ಮೆತ್ತಗೆ ಒತ್ತಿ ಅಳೆದ್ರೆ ದೊಡ್ಡ ಗಂಡಸರಲ್ಲಿ 13-14 ಸೆಂಟಿಮೀಟರ್ ಹತ್ರ ಬರುತ್ತೆ. ಇದರ ಲಾಭ ಏನಂದ್ರೆ ಕೊಬ್ಬನ್ನ ಒತ್ತಿ ಮೂಳೆಗೇ ಅಳೀತೀರ. ಫೋಟೋದಲ್ಲಿ ಹಂಗಾಗಲ್ಲ, ಮೈ ಬಂದವನ ಕೆನ್ನೆನೂ ಬಂದಿರುತ್ತೆ, ಅದೂ ಅಗಲದ ಲೆಕ್ಕಕ್ಕೇ ಸೇರುತ್ತೆ. ಚೂಪಾದ ತುದಿ ಕಣ್ಣ ಹತ್ರ ಅಂತ ನೆನಪಿರಲಿ, ಕುಸ್ತಿಗೆ ಇಳಿಯೋಕೆ ಮುಂಚೆ ಮೈಯೆಲ್ಲಾ ಬಿಸಿ ಮಾಡ್ಕೊಂಡು ಕುಣೀತಿರೋನ ಮುಖಕ್ಕೆ ಕ್ಯಾಲಿಪರ್ ಹಿಡ್ಕೊಂಡು ಹೋಗಬೇಡಿ.

ಯಾರನ್ನ ಅಳೀಬಾರದು ಅಂತ್ಲೂ ಹೇಳಿಬಿಡ್ತೀನಿ. ಮಕ್ಕಳನ್ನ ಅಳೆದು ಪ್ರಯೋಜನ ಇಲ್ಲ, ಮಗುವಿನ ಮುಖದ ಮಧ್ಯಭಾಗ ಗಿಡ್ಡ ಇರುತ್ತೆ, ವಯಸ್ಸಾದಂಗೆ ಕೆಳಗೆ ಬೆಳೀತಾ ಹೋಗುತ್ತೆ, ಈ ಲೆಕ್ಕ ನಂಬಿದ್ರೆ ಮನೇಲಿ ಅತಿ ದೊಡ್ಡ ರೌಡಿ ತೊಟ್ಟಿಲಲ್ಲೇ ಸಿಗ್ತಾನೆ. ಹೆಂಗಸರಲ್ಲಿ ಕಾರೆ-ಮೆಕಾರ್ಮಿಕ್ ಅವರ ಪ್ರಯೋಗದಲ್ಲೇ ಅನುಪಾತಕ್ಕೂ ಒರಟುತನಕ್ಕೂ ಸಂಬಂಧ ಕಾಣಲಿಲ್ಲ. ಮತ್ತೆ ಬೇರೆ ಬೇರೆ ಜನಾಂಗದ ಸರಾಸರಿ ಮುಖವೇ ಬೇರೆ ಬೇರೆ, ಹಂಗಾಗಿ ನಮ್ಮ ತೀರ್ಥಹಳ್ಳಿ ಹುಡುಗನ್ನ ಟೀವಿಯಲ್ಲಿ ಬರೋ ಮಂಗೋಲಿಯಾ ಪೈಲ್ವಾನನ ಪಕ್ಕ ಇಟ್ಟು ಹೋಲಿಸೋದರಲ್ಲಿ ಅರ್ಥ ಇಲ್ಲ, ಒಂದೇ ಸೀಮೆಯ ಒಂದೇ ವಯಸ್ಸಿನ ಒಂದೇ ತೂಕದ ಇಬ್ಬರನ್ನ ಹೋಲಿಸಿ.

ಒಂದೇ ತೂಕ ಅಂತ ಯಾಕೆ ಒತ್ತಿ ಹೇಳ್ತಿದೀನಿ ಅಂದ್ರೆ ಇಡೀ ವಿಷಯದ ಗಂಟು ಅಲ್ಲೇ ಇದೆ. 2012ರಲ್ಲಿ ಅಮೆರಿಕದ ಡೀನರ್ ಮತ್ತು ಜೊತೆಯವರು ಅದೇ ಐಸ್ ಹಾಕಿ ಲೆಕ್ಕವನ್ನ ತುಂಬಾ ಹೆಚ್ಚು ವೃತ್ತಿಪರ ಆಟಗಾರರನ್ನ ಇಟ್ಕೊಂಡು ಮತ್ತೆ ಮಾಡಿದ್ರು, ಒರಟಾಟವನ್ನ ಊಹಿಸಿದ್ದು ದೇಹದ ತೂಕ, ಮುಖದ ಅನುಪಾತ ಅಲ್ಲ ಅಂತ ಬಂತು. ಮೊದಲಿನ ಅಧ್ಯಯನದಲ್ಲಿ ಕಾಲೇಜು ಆಟಗಾರರು ಬೆರಳೆಣಿಕೆಗಿಂತ ಸ್ವಲ್ಪ ಜಾಸ್ತಿ ಅಷ್ಟೇ ಇದ್ರು, ಅಷ್ಟು ಕಡಿಮೆ ಜನರಲ್ಲಿ ಏನು ಬೇಕಾದ್ರೂ ದೊಡ್ಡದಾಗಿ ಕಾಣುತ್ತೆ. 2015ರಲ್ಲಿ ಹೇಸಲ್‌ಹೂನ್ ಅವರ ತಂಡ ಅದುವರೆಗಿನ ಅಧ್ಯಯನಗಳನ್ನೆಲ್ಲಾ ಒಟ್ಟಿಗೆ ಸೇರಿಸಿ ಲೆಕ್ಕ ಹಾಕ್ದಾಗ ಗಂಡಸರಲ್ಲಿ ಸಂಬಂಧ ಇದೆ ಅಂತ್ಲೇ ಬಂತು, ಆದ್ರೆ ಅದರ ಗಾತ್ರ 0.11. ಈ 0.11 ಅನ್ನೋದನ್ನ ಅಖಾಡದ ಭಾಷೆಗೆ ಇಳಿಸಿದ್ರೆ ಹಿಂಗಾಗುತ್ತೆ: ಅಗಲ ಮುಖದವನೇ ಹೆಚ್ಚು ಒರಟ ಅಂತ ಕಣ್ಮುಚ್ಚಿ ಹೇಳ್ತಾ ಹೋದ್ರೆ ನೂರಕ್ಕೆ ಹೆಚ್ಚುಕಮ್ಮಿ 55 ಸಲ ಸರಿ, 45 ಸಲ ತಪ್ಪು. ನಾಣ್ಯ ಚಿಮ್ಮಿಸಿದ್ರೆ 50. ಐದು ಜಾಸ್ತಿ, ಅಷ್ಟೇ. 2017ರಲ್ಲಿ ಕೊಸಿನ್ಸ್ಕಿ 1,37,163 ಜನರ ಫೋಟೋ ಅಳೆದು ಅವರೇ ತುಂಬಿದ ಸ್ವಭಾವದ ಪ್ರಶ್ನೆಪಟ್ಟಿಗಳ ಜೊತೆ ಇಟ್ಟು ನೋಡಿದ್ರೆ ಹೇಳಿಕೊಳ್ಳೋ ಅಂಥ ಸಂಬಂಧ ಏನೂ ಸಿಗಲಿಲ್ಲ. ಟೆಸ್ಟೋಸ್ಟೆರಾನ್ ಅನ್ನೋ ಗಂಡು ಹಾರ್ಮೋನ್ ಜಾಸ್ತಿ ಇದ್ದವರಿಗೆ ಮುಖ ಅಗಲ ಅನ್ನೋ ಮಾತು ಯೂಟ್ಯೂಬಲ್ಲಿ ಸಾವಿರ ಸಲ ಕೇಳಿರ್ತೀರ, 2016ರಲ್ಲಿ ಅದನ್ನೂ ಹಲವು ಗುಂಪುಗಳ ಮಾಹಿತಿ ಸೇರಿಸಿ ನೋಡಿದ್ರು, ಗಟ್ಟಿ ಸಂಬಂಧ ನಿಲ್ಲಲಿಲ್ಲ. ಗಂಡಸರ ಮುಖವೇ ಹೆಂಗಸರಿಗಿಂತ ಅಗಲ ಅನ್ನೋ ಮೂಲ ಮಾತು ಕೂಡ ಟರ್ಕಿ ಮತ್ತೆ ಬೇರೆ ಕಡೆಯ ಅಧ್ಯಯನಗಳಲ್ಲಿ ಅಲ್ಲಾಡಿದೆ.

ಹಂಗಂತ ಎಲ್ಲಾ ಸುಳ್ಳು ಅಂತ ತಳ್ಳಿಹಾಕೋಕೂ ಆಗಲ್ಲ. ಹೊಡೆದಾಟದ ವಿಷಯಕ್ಕೆ ಬಂದ್ರೆ ಸ್ವಲ್ಪ ಬೇರೆ ಚಿತ್ರ ಇದೆ. 2013ರಲ್ಲಿ ಪ್ರಾಗ್ ನಗರದ ಟ್ರೆಬಿಟ್ಸ್ಕಿ ಅನ್ನೋರು ಯುಎಫ್‌ಸಿ, ಅಂದ್ರೆ ಗುದ್ದು ಒದೆ ಪಟ್ಟು ಎಲ್ಲಾ ನಡೆಯೋ ಅಮೆರಿಕದ ಹೊಡೆದಾಟದ ಪಂದ್ಯ, ಅದರ ಫೈಟರ್‌ಗಳ ಬರೀ ಮುಖದ ಫೋಟೋ ತೋರಿಸಿ, ಅವರ್ಯಾರು ಅಂತ ಗೊತ್ತಿಲ್ಲದ ಜನರ ಹತ್ರ ಇವನು ಎಷ್ಟು ಒರಟ ಅಂತ ಅಂಕ ಹಾಕ್ಸಿದ್ರು, ಹೆಚ್ಚು ಅಂಕ ಬಿದ್ದ ಮುಖಗಳೇ ನಿಜವಾದ ಫೈಟಲ್ಲೂ ಹೆಚ್ಚು ಗೆದ್ದಿದ್ವು. ದೊಡ್ಡ ಗದ್ದ, ದಪ್ಪ ಮೂಗು, ಒಳಗೆ ಕೂತ ಕಣ್ಣು, ಹತ್ತಿರ ಹತ್ತಿರ ಇರೋ ಹುಬ್ಬು, ಇಂಥವನ್ನೇ ಜನ ಒರಟು ಅಂದಿದ್ದು. ಯುಎಫ್‌ಸಿಯಲ್ಲೇ ಅಗಲ ಮುಖದವರು ಹೆಚ್ಚು ಗೆಲ್ತಾರೆ ಅಂತ ಜಿಲಿಯೋಲಿ ಅನ್ನೋರ ತಂಡನೂ ಹೇಳಿತು. ಇನ್ನೊಂದು ವಿಚಿತ್ರ ಅಧ್ಯಯನ 2012ರದ್ದು, ಸ್ಟಿರಟ್ ಮತ್ತು ಜೊತೆಯವರು ಕೊಲೆಯಾಗಿ ಸತ್ತವರ ತಲೆಬುರುಡೆ ನೋಡಿ, ಉದ್ದ ಸಣ್ಣ ಮುಖದ ಗಂಡಸರು ಕೈಗೆ ಕೈ ಹತ್ತಿದ ಹಿಂಸೆಯಲ್ಲಿ ಸಾಯೋ ಸಾಧ್ಯತೆ ಜಾಸ್ತಿ ಅಂದ್ರು. ಕೆನ್ನೆಮೂಳೆ ಅಗಲ ದಪ್ಪ ಇದ್ರೆ ಗುದ್ದು ತಡ್ಕೊಳ್ಳುತ್ತೆ ಅನ್ನೋದು ಒಂದು ವಾದ, ಮನುಷ್ಯನ ಮುಖ ಗುದ್ದು ತಿನ್ನೋಕೇ ಹಿಂಗೆ ಬೆಳೆದಿದೆ ಅಂತ ಅಮೆರಿಕದ ಯೂಟಾದ ಇಬ್ಬರು ಹೇಳಿದ್ದೂ ಇದೆ, ಅದಕ್ಕೆ ತಕರಾರು ಎತ್ತಿದವರೂ ಬೇಕಾದಷ್ಟು ಜನ ಇದಾರೆ.

ಆದ್ರೆ ಒಂದು ಯೋಚ್ನೆ ಮಾಡಿ, ನಮ್ಮ ನಾಡಕುಸ್ತಿಯಲ್ಲಿ ಗುದ್ದೋದೇ ಇಲ್ಲ. ಮುಖಕ್ಕೆ ಏಟು ಬೀಳೋ ಆಟಕ್ಕೆ ಹೇಳಿದ ಮಾತನ್ನ, ಎದುರಾಳಿನ ಹಿಡಿದು ಬೆನ್ನು ಮಣ್ಣಿಗೆ ಹಚ್ಚೋ ಆಟಕ್ಕೆ ತಂದು ಹಚ್ಚೋಕೆ ಬರುತ್ತಾ? ನನ್ನ ಪ್ರಕಾರ ಬರಲ್ಲ. ಬಾಕ್ಸಿಂಗ್ ನೋಡೋರು ಕೆನ್ನೆಮೂಳೆ ಬಗ್ಗೆ ಮಾತಾಡಲಿ, ಅಖಾಡದ ಹತ್ರ ಕೂತವರು ನೋಡಬೇಕಾದ್ದು ಬೇರೆ.

ಸರಿ, ಅಖಾಡದಲ್ಲಿ ಏನು ನೋಡಬೇಕು. ಜೋಡಿ ಕಟ್ಟೋವಾಗ ಹಿರಿಯರು ಏನು ನೋಡ್ತಾರೆ ಅಂತ ಗಮನಿಸಿ, ಮೊದಲು ತೂಕ. ಬಯಲು ಕುಸ್ತಿಯಲ್ಲಿ ಕೆಲವು ಕಡೆ ತಕ್ಕಡಿ ಇರುತ್ತೆ ಕೆಲವು ಕಡೆ ಕಣ್ಣಂದಾಜು, ಎರಡರಲ್ಲೂ ಕೈ ಹಿಡಿಸಿ ನಿಲ್ಲಿಸಿ ಭುಜಕ್ಕೆ ಭುಜ ಹೋಲಿಸ್ತಾರೆ. ಒಲಿಂಪಿಕ್ಸಲ್ಲಿ ಗಂಡಸರ ಫ್ರೀಸ್ಟೈಲ್ 57 ಕೆಜಿಯಿಂದ 125 ಕೆಜಿವರೆಗೆ ಆರು ತೂಕದಲ್ಲಿ ನಡೆಯುತ್ತೆ, ಕೆನ್ನೆ ಅಳತೆ ಮೇಲೆ ವರ್ಗ ಮಾಡಿದ ಕುಸ್ತಿ ಸಂಸ್ಥೆ ಜಗತ್ತಲ್ಲಿ ಎಲ್ಲೂ ಇಲ್ಲ, ಅದರಲ್ಲೇ ಅರ್ಧ ಉತ್ತರ ಇದೆ.

ತೂಕ ಸಮ ಇದ್ರೆ ಕುತ್ತಿಗೆ ನೋಡಿ. ಕಿವಿಯಿಂದ ಭುಜದವರೆಗೆ ಇಳಿಜಾರಾಗಿ ಮಾಂಸ ಇಳಿದಿದ್ರೆ, ಹಿಂದಿನಿಂದ ನೋಡಿದಾಗ ಕುತ್ತಿಗೆ ತಲೆಯಷ್ಟೇ ಅಗಲ ಕಾಣಿಸಿದ್ರೆ, ಅವನು ಸಾಮು ಮಾಡಿದ್ದು ಸುಳ್ಳಲ್ಲ, ತಲೆ ಹಿಡಿದು ಜಗ್ಗೋಕೆ ಹೋದವನಿಗೆ ಅಲ್ಲಾಡೋದಿಲ್ಲ. ಕುತ್ತಿಗೆ ಬರೀ ನೋಟಕ್ಕಲ್ಲ, 2014ರಲ್ಲಿ ಅಮೆರಿಕದ ಹೈಸ್ಕೂಲ್ ಆಟಗಾರರಲ್ಲಿ ಮಾಡಿದ ಅಧ್ಯಯನದಲ್ಲಿ ಕುತ್ತಿಗೆ ಬಲ ಒಂದು ಪೌಂಡ್ ಏರಿದ್ರೆ ತಲೆಗೆ ಪೆಟ್ಟಾಗಿ ಮಂಕಾಗೋ ಸಾಧ್ಯತೆ 5% ಇಳೀತು ಅಂತ ಬಂತು. ಆಮೇಲೆ ಕಿವಿ. ಜಜ್ಜಿ ಗಂಟುಗಂಟಾಗಿರೋ ಕಿವಿ ಕಂಡ್ರೆ ಅವನು ವರ್ಷಗಟ್ಟಲೆ ತಲೆಗೆ ತಲೆ ಕೊಟ್ಟು ಉಜ್ಜಿದವನು, ಕಿವಿಯ ಮೆತ್ತನೆ ಮೂಳೆಗೂ ಅದರ ಮೇಲಿನ ಪೊರೆಗೂ ನಡುವೆ ರಕ್ತ ನಿಂತು ಗಟ್ಟಿಯಾಗಿ ಹಂಗಾಗುತ್ತೆ, ಬೇಗ ಡಾಕ್ಟರ ಹತ್ರ ಹೋಗಿ ತೆಗೆಸದಿದ್ರೆ ಹಂಗೇ ಉಳಿಯುತ್ತೆ. ಮುಖದಲ್ಲಿ ಅಪ್ಪ ಅಮ್ಮ ಕೊಡದೇ ಇದ್ದಿದ್ದು, ಅವನೇ ಗಳಿಸಿದ್ದು ಅದೊಂದೇ, ನನಗೆ ಕೆನ್ನೆಮೂಳೆಗಿಂತ ಕಿವಿ ಮೇಲೆ ನಂಬಿಕೆ ಜಾಸ್ತಿ.

ಮುಂಗೈ ನೋಡಿ, ಮಣಿಕಟ್ಟು ನೋಡಿ, ಮಟ್ಟಿ, ಅಂದ್ರೆ ಅಖಾಡದ ಮಣ್ಣಿನ ಮೇಲೆ ಕಾಲು ಹೆಂಗಿಡ್ತಾನೆ ನೋಡಿ. ಕೈ ಕೂಡಿಸೋ ಮುಂಚೆ ಸುಮ್ನೆ ಜಿಗಿದಾಡೋನಿಗಿಂತ ಪಾದ ಕೀಳದೆ ಜಾರಿಸ್ತಾ ಸುತ್ತೋನು ಅಪಾಯ. ಉಸಿರು ನೋಡಿ, ಕುಸ್ತಿ ನಿಕಾಲಿ ಆಗೋವರೆಗೂ, ಅಂದ್ರೆ ಸೋಲು ಗೆಲುವು ತೀರ್ಮಾನ ಆಗೋವರೆಗೂ ಬಿಡಲ್ಲ ಅಂದ್ರೆ ಹತ್ತು ನಿಮಿಷ ದಾಟಿದ ಮೇಲೆ ಗೆಲ್ಲೋದು ಉಸಿರೇ. ಇಷ್ಟೆಲ್ಲಾ ನೋಡಿದ ಮೇಲೂ ಇಬ್ಬರೂ ಸಮ ಅನ್ನಿಸಿದ್ರೆ ಆಗ ಬೇಕಾದ್ರೆ ಮುಖದ ಅನುಪಾತ ತಗೊಳ್ಳಿ, ಅಲ್ಲಿ ಆ ಐದು ಜಾಸ್ತಿ ನಿಮ್ಮ ಪಾಲಿಗೆ ಇರಲಿ.

ಅಂದಹಾಗೆ ಅಗಲ ಮುಖ ಅಂದ್ರೆ ಸಿಟ್ಟು ಅನ್ನೋರು ಒಂದ್ಸಲ ಅಜ್ಜಂಪುರದ ಕಡೆ ಹೋಗಿ ಅಮೃತಮಹಲ್ ಹೋರಿ ನೋಡ್ಕೊಂಡು ಬರಲಿ. ಮೂತಿ ಕಡೆಗೆ ಚೂಪಾಗ್ತಾ ಹೋಗೋ ಉದ್ದ ಸಣ್ಣ ಮುಖ, ಗುಣ ಮಾತ್ರ ಬೆಂಕಿ, ಗೊತ್ತಿಲ್ದೆ ಇರೋನು ಹತ್ರ ಹೋಗೋ ಹಂಗಿಲ್ಲ. ದನಕ್ಕೂ ಮನುಷ್ಯರಿಗೂ ಒಂದೇ ನಿಯಮ ಅಂತ ನಾನು ಹೇಳ್ತಿಲ್ಲ, ಆದ್ರೆ ಶಿಕಾರಿಪುರ ಸೊರಬದ ಕಡೆ ಹೋರಿ ಹಬ್ಬದಲ್ಲಿ ಓಡೋ ಹುಡುಗರನ್ನ ಕೇಳಿ ನೋಡಿ, ಹೋರಿಯ ಮುಖದ ಅಗಲ ಅಳೀತಾ ನಿಂತವನ ಗತಿ ಏನಾಗುತ್ತೆ ಅಂತ.

ಈ ಅಳತೆ ನಿಜವಾಗ್ಲೂ ಕೆಲಸಕ್ಕೆ ಬರೋದು ಇನ್ನೊಂದು ಕಡೆ. ಮುಖ ಅಗಲ ಇದ್ದವನು ಒರಟ ಹೌದೋ ಅಲ್ವೋ, ನೋಡಿದವರು ಅವನನ್ನ ಒರಟ ಅಂದ್ಕೊಳ್ಳೋದಂತೂ ಹೌದು, ಇದು ಅಧ್ಯಯನದ ಮೇಲೆ ಅಧ್ಯಯನದಲ್ಲಿ ಗಟ್ಟಿಯಾಗಿ ನಿಂತಿದೆ, ಗಡ್ಡ ಇದ್ರೂ ಇಲ್ದಿದ್ರೂ. ಅದೂ ಒಂದು ಸೆಕೆಂಡಿನ ಹತ್ತನೇ ಒಂದು ಭಾಗ ಮುಖ ತೋರಿಸಿದ್ರೂ ಸಾಕು ಜನ ಅಭಿಪ್ರಾಯ ಕಟ್ಟಿಬಿಡ್ತಾರೆ ಅಂತ 2006ರಲ್ಲಿ ವಿಲಿಸ್ ಮತ್ತು ಟೊಡೊರೊವ್ ತೋರಿಸಿದ್ದಾರೆ. ನಮ್ಮ ಯಕ್ಷಗಾನದವರಿಗೆ ಇದು ಯಾವ ಯೂನಿವರ್ಸಿಟಿಯೂ ಹೇಳೋ ಮುಂಚೆನೇ ಗೊತ್ತಿತ್ತು. ತೆಂಕುತಿಟ್ಟಿನ ಬಣ್ಣದ ವೇಷದಲ್ಲಿ ರಕ್ಕಸನ ಮುಖದ ಮೇಲೆ ಅಕ್ಕಿಹಿಟ್ಟು ಸುಣ್ಣ ಕಲಸಿ ಮುಳ್ಳುಮುಳ್ಳಾಗಿ ಚಿಟ್ಟಿ ಇಡ್ತಾರಲ್ಲ, ಕಣ್ಣ ಸುತ್ತ ಕಪ್ಪು ಕೆಂಪು ತುಂಬ್ತಾರಲ್ಲ, ಒಳಗಿರೋ ಕಲಾವಿದನ ಮುಖ ಎಷ್ಟೇ ಸಣ್ಣಗಿರಲಿ ರಂಗದ ಮೇಲೆ ಬಂದಾಗ ಒಂದೂವರೆ ಪಟ್ಟು ಅಗಲ ಕಾಣುತ್ತೆ, ಮುಂದೆ ಕೂತ ಮಕ್ಕಳು ಅಳೋಕೆ ಶುರು ಮಾಡ್ತಾವೆ.

ಹಂಗಾಗಿ ಗರಡಿಯವರು ಕುಸ್ತಿ ಫ್ಲೆಕ್ಸ್ ಮಾಡಿಸೋವಾಗ ಇದನ್ನ ಬಳಸ್ಕೊಳ್ಳಿ. 2019ರಲ್ಲಿ ವಿಟ್ಕವರ್ ಮತ್ತು ಟ್ರೇಸಿ ಅನ್ನೋರು ತೋರಿಸಿದ ಪ್ರಕಾರ ಮುಖದಲ್ಲಿ ಯಾವ ಭಾವನೆನೂ ಇಲ್ದೆ, ಕಣ್ಣು ನೇರ ಕ್ಯಾಮೆರಾಗಿಟ್ಟು, ತಲೆ ಮಾತ್ರ ಸ್ವಲ್ಪ ಮುಂದಕ್ಕೆ ಬಗ್ಗಿಸಿದ್ರೆ ಹುಬ್ಬು ಗಂಟಿಕ್ಕಿದಂಗೆ ಕಂಡು ಮನುಷ್ಯ ಜೋರಾಗಿ ಕಾಣ್ತಾನೆ. ಅಂದ್ರೆ ಹಲ್ಲು ಕಚ್ಚಿ ಕಣ್ಣು ಕಿಸಿಯೋ ಅವಶ್ಯಕತೆನೇ ಇಲ್ಲ, ಗದ್ದ ಎರಡು ಬೆರಳು ಇಳಿಸಿದ್ರೆ ಸಾಕು. ಲೈಟು ಮೇಲಿಂದ ಬರಲಿ, ಕಣ್ಣಿನ ಗುಂಡಿಯಲ್ಲಿ ನೆರಳು ಬೀಳುತ್ತೆ. ದೂರದಿಂದ ಜೂಮ್ ಮಾಡಿ ತೆಗೀರಿ, ಮುಖ ಅಗಲ ಬರುತ್ತೆ. ಶಿವಮೊಗ್ಗದ ಗೋಪಿ ಸರ್ಕಲ್‌ನಲ್ಲಿ ಹಾಕಿದ್ರೆ ಬಸ್ಸಲ್ಲಿ ಹೋಗೋರೂ ತಿರುಗಿ ನೋಡ್ತಾರೆ.

ಉಲ್ಟಾ ಸಮಸ್ಯೆ ಇರೋರು ಜಾಸ್ತಿ. ಹುಟ್ಟಿದ್ದೇ ಅಗಲ ಮುಖ, ಸುಮ್ನೆ ಕೂತಿದ್ರೂ ಯಾಕೋ ಸಿಟ್ಟು ಬಂದಿದ್ಯಾ ಅಂತ ಕೇಳ್ತಾರೆ, ಇಂಟರ್ವ್ಯೂಗೆ ಹೋದ್ರೆ ಎದುರಿನವರು ಬಿಗೀತಾರೆ. ಅವರು ಮೇಲಿನದ್ದನ್ನೆಲ್ಲಾ ತಿರುಗಿಸಿ ಮಾಡಬೇಕು. ತಲೆ ಸಮಮಟ್ಟ, ಗದ್ದ ಇಳಿಸೋದು ಬೇಡ ಎತ್ತೋದೂ ಬೇಡ. ಹುಬ್ಬು ಒಂಚೂರು ಸಡಿಲ ಬಿಟ್ಟು ಮೇಲೆತ್ತಿದ್ರೆ ಮುಖ ಉದ್ದ ಆಗುತ್ತೆ. ಬೆಳಕು ಎದುರಿನಿಂದ ಬರೋ ಹಂಗೆ ಕಿಟಕಿ ಕಡೆ ಮುಖ ಮಾಡಿ ನಿಲ್ಲಿ. ನಗು ಅಳತೆಯಲ್ಲಿ ಅನುಪಾತ ಏರಿಸುತ್ತೆ ಅಂದೆ, ಆದ್ರೆ ನೋಡೋರು ಅಳತೆಪಟ್ಟಿ ಹಿಡ್ಕೊಂಡು ಕೂತಿರಲ್ಲ, ನಕ್ಕಿದ್ದನ್ನ ನಗು ಅಂತ್ಲೇ ಓದ್ತಾರೆ, ಧಾರಾಳವಾಗಿ ನಗಿ. ತಲೆಗೂದಲು ಪಕ್ಕದಲ್ಲಿ ಸಣ್ಣಗೆ ಮೇಲೆ ಸ್ವಲ್ಪ ಎತ್ತರ ಬಿಡೋಕೆ ಕಟಿಂಗ್ ಶಾಪಲ್ಲಿ ಹೇಳಿ, ಅವರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು.

ಈ ಲೆಕ್ಕ ತಗೊಂಡು ಹೋಗಿ ಮನುಷ್ಯನ ಗುಣ ತೀರ್ಮಾನ ಮಾಡೋ ಜಾಗಕ್ಕೆ ಮಾತ್ರ ಹಾಕಬೇಡಿ, ಕೆಲಸಕ್ಕೆ ಆಳು ತಗೊಳ್ಳೋದು, ಹುಡುಗನ ಫೋಟೋ ನೋಡಿ ಸಂಬಂಧ ಬೇಡ ಅನ್ನೋದು, ಕಳ್ಳತನ ಆದಾಗ ಯಾರ ಮೇಲೆ ಅನುಮಾನ ಅನ್ನೋದು. ಇದನ್ನ ಮಾಡಿ ಕೆಟ್ಟವರು ಇದಾರೆ. ಇಟಲಿಯ ಲೊಂಬ್ರೋಸೊ ಅನ್ನೋ ಡಾಕ್ಟರ್ 1876ರಲ್ಲಿ ದೊಡ್ಡ ದವಡೆ ಎದ್ದ ಕೆನ್ನೆಮೂಳೆ ನೋಡಿ ಹುಟ್ಟು ಅಪರಾಧಿನ ಗುರುತಿಸಬಹುದು ಅಂದ, 1913ರಲ್ಲಿ ಇಂಗ್ಲೆಂಡಿನ ಗೋರಿಂಗ್ ಸಾವಿರಾರು ಕೈದಿಗಳನ್ನ ಅಳೆದು ಅಂಥ ಮುಖ ಅಂತ ಒಂದಿಲ್ಲ ಅಂದ. ಇತ್ತ ನಮ್ಮ ದೇಶದಲ್ಲಿ ಬ್ರಿಟಿಷ್ ಅಧಿಕಾರಿ ರಿಸ್ಲಿ ಮೂಗಿನ ಅಗಲ ಅಳೆದು ಜಾತಿಯ ಮೇಲು ಕೀಳು ಹೇಳೋಕೆ ಹೊರಟ, 1871ರ ಕ್ರಿಮಿನಲ್ ಟ್ರೈಬ್ಸ್ ಕಾನೂನಂತೂ ಎಷ್ಟೋ ಸಮುದಾಯಗಳಿಗೆ ಹುಟ್ಟಿನಿಂದ್ಲೇ ಅಪರಾಧಿ ಅನ್ನೋ ಹಣೆಪಟ್ಟಿ ಕಟ್ಟಿತು, ಅದು ತೆಗೆಯೋಕೆ 1952 ಬರಬೇಕಾಯ್ತು. ಈಗಲೂ ಅಮೆರಿಕದ ಫ್ಲೋರಿಡಾದಲ್ಲಿ ಕೊಲೆ ಕೇಸಿನ ಅಪರಾಧಿಗಳಲ್ಲಿ ನಂಬಿಕೆ ಬರಿಸದ ಮುಖದವರಿಗೆ ಜೀವಾವಧಿಗಿಂತ ಮರಣದಂಡನೆ ಹೆಚ್ಚಾಗಿ ಬಿದ್ದಿದೆ ಅಂತ 2015ರ ಅಧ್ಯಯನ ಇದೆ.

ಕೊನೆಗೆ, ನನ್ನ ಮಾತನ್ನ ನಂಬೋದು ಬೇಡ, ಮುಂದಿನ ಜಾತ್ರೆಯಲ್ಲಿ ನೀವೇ ಪರೀಕ್ಷೆ ಮಾಡಿ. ಒಂದು ನೋಟ್‌ಬುಕ್ ತಗೊಂಡು ಪ್ರತಿ ಜೋಡಿಗೂ ಮೂರು ಮನೆ ಎಳೀರಿ, ಮೊದಲನೇದರಲ್ಲಿ ಮುಖ ಮಾತ್ರ ನೋಡಿ ಯಾರು ಗೆಲ್ತಾರೆ, ಎರಡನೇದರಲ್ಲಿ ತೂಕ ಕುತ್ತಿಗೆ ನೋಡಿ ಯಾರು, ಮೂರನೇದು ಫಲಿತಾಂಶಕ್ಕೆ. ಕೈ ಕೂಡಿಸೋ ಮುಂಚೆನೇ ಬರೀಬೇಕು, ಪಟ್ಟು ಬಿದ್ದ ಮೇಲೆ ನಾನು ಅವಾಗ್ಲೇ ಅಂದಿದ್ದೆ ಅನ್ನೋದು ನಡೆಯಲ್ಲ. ಮುಖದ ಮನೆ ತುಂಬೋನು ಬೇರೆ, ಮೈ ನೋಡೋನು ಬೇರೆ ಇದ್ರೆ ಇನ್ನೂ ಒಳ್ಳೇದು, ಮುಖದವನಿಗೆ ಹೆಸರು ಊರು ಹೇಳಬೇಡಿ, ದಾವಣಗೆರೆ ಅಂದ ತಕ್ಷಣ ಅವನ ಪೆನ್ನು ಆ ಕಡೆಗೇ ಹೋಗುತ್ತೆ. ಸಮ ಆಗಿ ಬಿಡಿಸಿದ ಕುಸ್ತಿ ಲೆಕ್ಕಕ್ಕೆ ಬೇಡ. ಮತ್ತೆ ಒಂದು ದಿನದ ಆಟ ನೋಡಿ ತೀರ್ಪು ಕೊಡಬೇಡಿ, ನೂರಕ್ಕೆ 55 ಅನ್ನೋದು 50ಕ್ಕಿಂತ ನಿಜವಾಗ್ಲೂ ಬೇರೆ ಅಂತ ಹೇಳಬೇಕಾದ್ರೆ 600ರಿಂದ 800 ಜೋಡಿ ಬೇಕಾಗುತ್ತೆ, ಶಿವಮೊಗ್ಗ ಸಾಗರ ಎರಡೂ ಜಾತ್ರೆ, ದಸರಾ, ಹರಿಹರ ದಾವಣಗೆರೆ ಕಡೆಯದ್ದೆಲ್ಲಾ ಸೇರಿಸಿ ನಾಲ್ಕೈದು ಜನ ಪಾಳಿ ಮೇಲೆ ಕೂತು ಬರೆದ್ರೂ ಕೆಲವು ವರ್ಷದ ಕೆಲಸ. ಅಲ್ಲಿವರೆಗೂ ಪಕ್ಕದಲ್ಲಿ ಕೂತೋನು ಮುಖ ನೋಡಿ ಪಂಥ ಕಟ್ತೀಯಾ ಅಂದ್ರೆ, ತೂಕ ಎಷ್ಟು ಅಂತ ಮೊದಲು ಕೇಳಿ.